ಹಾವೇರಿಯನ್ನು ಹುಡುಕಲು ಧಾರವಾಡಕ್ಕೆ ಹೋಗಬೇಕು: ಗ್ರಂಥಾಲಯದ ಆನ್‌ಲೈನ್ ವಿಷಯ ಮಾರ್ಗದರ್ಶಿ, ತಪ್ಪು ಕಲ್ಪನೆ ಮತ್ತು ವಾಸ್ತವ

ಹಾವೇರಿ ಜಿಲ್ಲೆಯ ಬ್ಯಾಡಗಿಯ ಪದವಿ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಮೆಣಸಿನಕಾಯಿ ಮೇಲೆ ಪ್ರಾಜೆಕ್ಟ್ ಬರೆಯಬೇಕು ಅಂದುಕೊಳ್ಳಿ. ಮೊಬೈಲಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಖಾರದ ಪುಡಿ ಮಾರುವವರ ಜಾಹೀರಾತು, ಆಮೇಲೆ ಅಡುಗೆ ವಿಡಿಯೊ, ಅದಾದ ಮೇಲೆ ಒಂದನ್ನೊಂದು ನಕಲು ಮಾಡಿಕೊಂಡ ಲೇಖನಗಳು. ಊರಿನ ಬಗ್ಗೆ ಗಟ್ಟಿಯಾದ ಬರಹ ಇಲ್ಲವೆಂದಲ್ಲ. ಅದು ಎಲ್ಲಿದೆ, ಯಾವ ಹೆಸರಿನಲ್ಲಿದೆ ಎಂದು ಹೇಳುವವರು ಬೇಕು. ಕಾಲೇಜು ಗ್ರಂಥಾಲಯದ ಆನ್‌ಲೈನ್ ವಿಷಯ ಮಾರ್ಗದರ್ಶಿ ಇರುವುದೇ ಈ ಕೆಲಸಕ್ಕೆ.

ಈ ಪದ್ಧತಿ ಹೊಸದಲ್ಲ. 1970ರ ದಶಕದ ಆರಂಭದಲ್ಲೇ ಅಮೆರಿಕದ ಎಂಐಟಿಯ ಗ್ರಂಥಪಾಲಕರು ಒಂದೊಂದು ವಿಷಯಕ್ಕೆ ಚಿಕ್ಕ ಮುದ್ರಿತ ಹಾಳೆ ಮಾಡಿ, ಅದನ್ನು ‘ಪಾಥ್‌ಫೈಂಡರ್’ ಎಂದು ಕರೆದರು. 2007ರಲ್ಲಿ ಲಿಬ್‌ಗೈಡ್ಸ್ ಎಂಬ ತಂತ್ರಾಂಶ ಬಂದಮೇಲೆ ಆ ಹಾಳೆ ಜಾಲತಾಣದ ಪುಟವಾಯಿತು. ಲಿಬ್‌ಗೈಡ್ಸ್‌ಗೆ ದುಡ್ಡು ತೆರಬೇಕು, ಆದರೆ ಅದೇ ಕೆಲಸವನ್ನು ಗೂಗಲ್ ಸೈಟ್ಸ್‌ನಲ್ಲಿ ಪುಕ್ಕಟೆಯಾಗಿ ಮಾಡಬಹುದು. ತೊಡಕಿರುವುದು ತಂತ್ರಾಂಶದಲ್ಲಲ್ಲ. ಪುಟಕ್ಕೆ ಏನನ್ನು ಸೇರಿಸಬೇಕು, ಹೇಗೆ ಸೇರಿಸಬೇಕು ಎಂಬ ವಿಚಾರದಲ್ಲಿ ನಮ್ಮಲ್ಲಿ ಬೇರೂರಿರುವ ಕೆಲವು ಕಲ್ಪನೆಗಳಲ್ಲಿ.

ತಪ್ಪು ಕಲ್ಪನೆ: ಲಿಂಕ್ ಹೆಚ್ಚಿದ್ದಷ್ಟೂ ಮಾರ್ಗದರ್ಶಿ ಒಳ್ಳೆಯದು

ವಾಸ್ತವ: ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಸಮಯ ಉಳಿಸಬೇಕು ಎಂಬುದು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಸಂಶೋಧನಾ ಕೇಂದ್ರವನ್ನು ಕಟ್ಟಿದ, ಬದುಕಿನ ಕೊನೆಯ ವರ್ಷಗಳನ್ನು ಇದೇ ರಾಜ್ಯದಲ್ಲಿ ಕಳೆದ ಆ ಹಿರಿಯರ ಮಾತನ್ನು ನಮ್ಮ ಪುಟಗಳು ಪಾಲಿಸುತ್ತಿಲ್ಲ ಎಂಬುದು ನನ್ನ ಬೇಸರ. ನೂರು ಲಿಂಕ್ ಕೊಟ್ಟರೆ, ಹುಡುಕುವ ಕಷ್ಟವನ್ನು ಗೂಗಲ್‌ನಿಂದ ಗ್ರಂಥಾಲಯದ ಪುಟಕ್ಕೆ ತಂದು ಸುರಿದಂತಾಯಿತು, ಅಷ್ಟೆ.

ಬ್ಯಾಡಗಿ ಎಪಿಎಂಸಿ ಪ್ರಾಂಗಣದಲ್ಲಿ ಎಲ್ಲರ ಚೀಲಗಳನ್ನೂ ಒಂದೇ ರಾಶಿಗೆ ಸುರಿಯುವುದಿಲ್ಲ. ಒಬ್ಬೊಬ್ಬ ರೈತನ ಮಾಲಿಗೂ ಬೇರೆ ಲಾಟ್, ಲಾಟ್‌ಗೆ ನಂಬರು. ಖರೀದಿದಾರ ಬಣ್ಣ, ಸುಕ್ಕು, ತೊಟ್ಟು ನೋಡಿ ದರ ಬರೆಯುತ್ತಾನೆ. ಮಾರ್ಗದರ್ಶಿಯ ಪುಟದಲ್ಲೂ ಪ್ರತಿಯೊಂದು ಆಕರವನ್ನು ಹಾಗೆಯೇ ಬಿಡಿಯಾಗಿ ನೋಡಿ ತೂಗಬೇಕು.

ಮೊದಲು ವಿಂಗಡಿಸಬೇಕಾದದ್ದು ಪ್ರಶ್ನೆಯನ್ನೇ. ‘ಬ್ಯಾಡಗಿ ಮೆಣಸಿನಕಾಯಿ’ ಎಂಬುದು ಒಂದೇ ವಿಷಯದಂತೆ ಕಂಡರೂ ಅದರೊಳಗೆ ಕನಿಷ್ಠ ನಾಲ್ಕು ವಿಷಯಗಳಿವೆ. ಕೃಷಿ ಓದುವವರಿಗೆ ಕಡ್ಡಿ, ಡಬ್ಬಿ ತಳಿಗಳು ಬೇಕು. ವಾಣಿಜ್ಯದವರಿಗೆ ಮಾರುಕಟ್ಟೆ ಬೇಕು. ಅಲ್ಲಿ ಬಂದು ಬೀಳುವ ಮಾಲಿನಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯದೂ ಬಹಳ. ಕಾನೂನಿನವರಿಗೆ 2011ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಅಂದರೆ ಜಿಐ ಮಾನ್ಯತೆ ಮುಖ್ಯ. ಆಹಾರ ವಿಜ್ಞಾನದವರಿಗೆ ಬೇಕಾದದ್ದು ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಕೆಂಪು ಸಾರ. ಬ್ಯಾಡಗಿಯಲ್ಲಿ ಮಾರಾಟವಾದ ಕಾಯಿ ಬೇರೆ, ಬ್ಯಾಡಗಿ ತಳಿಯ ಕಾಯಿ ಬೇರೆ ಎಂಬುದನ್ನು ಪುಟದ ಮೊದಲ ಸಾಲಿನಲ್ಲೇ ಹೇಳದಿದ್ದರೆ ವಿದ್ಯಾರ್ಥಿ ಆವಕದ ಅಂಕಿಯನ್ನೇ ಇಳುವರಿಯ ಅಂಕಿಯೆಂದು ಬರೆದುಬಿಡುತ್ತಾನೆ. ನಾಲ್ಕು ಭಾಗ ಮಾಡಿ, ಭಾಗಕ್ಕೆ ಐದಾರು ಆಕರ ಕೊಟ್ಟರೆ ಧಾರಾಳವಾಯಿತು.

ತಪ್ಪು ಕಲ್ಪನೆ: ಶೀರ್ಷಿಕೆ, ಲಿಂಕ್ ಇದ್ದರೆ ಸಾಕು

ವಾಸ್ತವ: ‘ಕೃಷಿಕೋಶ’ ಎಂದಷ್ಟೇ ಬರೆದರೆ ಪದವಿ ವಿದ್ಯಾರ್ಥಿಗೆ ಏನೂ ತಿಳಿಯದು. ಅದನ್ನೇ ಹೀಗೆ ಬರೆದು ನೋಡಿ: “ಕೃಷಿಕೋಶ. ದೇಶದ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳ ಭಂಡಾರ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಮೆಣಸಿನಕಾಯಿ ಕುರಿತು ಆದ ಸಂಶೋಧನೆ ಇಲ್ಲಿ ಸಿಗುತ್ತದೆ. ಪ್ರಬಂಧಗಳು ಇಂಗ್ಲಿಷಿನಲ್ಲಿವೆ, ಮೊದಲು ಸಾರಾಂಶ ಓದಿ.” ಏನಿದೆ, ಯಾರಿಗೆ, ಎಲ್ಲಿಂದ ಶುರು ಮಾಡಬೇಕು, ಈ ಮೂರನ್ನು ಹೇಳುವ ಎರಡು ಮೂರು ಸಾಲು ಸಾಕು. ಲಾಗಿನ್ ಬೇಕಿದ್ದರೆ ಅದನ್ನೂ ಅಲ್ಲೇ ಹೇಳಬೇಕು. ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಮಾತನ್ನು ಕೈಬಿಟ್ಟು ಆಕರದ ಹೆಸರನ್ನೇ ಲಿಂಕ್ ಮಾಡಬೇಕು. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಲಿಂಕುಗಳನ್ನಷ್ಟೇ ಓದಿ ಹೇಳುವಾಗ ‘ಇಲ್ಲಿ, ಇಲ್ಲಿ, ಇಲ್ಲಿ’ ಎಂದು ಕೇಳಿಸಿದರೆ ಅವರಿಗೆ ಅದರಿಂದ ಯಾವ ಉಪಯೋಗವೂ ಇಲ್ಲ.

ತಪ್ಪು ಕಲ್ಪನೆ: ‘ಹಾವೇರಿ’ ಎಂದು ಹುಡುಕಿದರೆ ಹಾವೇರಿಯದೆಲ್ಲ ಸಿಗುತ್ತದೆ

ವಾಸ್ತವ: ನಮ್ಮ ಜಿಲ್ಲೆಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ, ಹೊರಗಿನ ಯಾವ ಮಾದರಿ ಪುಟದಲ್ಲೂ ಇದಕ್ಕೆ ಪರಿಹಾರ ಸಿಗದು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚಿನ ಜನಗಣತಿ, ಗೆಜೆಟಿಯರ್, ಕೃಷಿ ವರದಿ, ಪ್ರಬಂಧ ಎಲ್ಲವೂ ಧಾರವಾಡ ಜಿಲ್ಲೆಯ ಹೆಸರಿನಲ್ಲಿವೆ. ಇನ್ನೂ ಹಿಂದಕ್ಕೆ, 1956ರ ಏಕೀಕರಣಕ್ಕೆ ಮೊದಲು ಹೋದರೆ ನಾವಿದ್ದದ್ದು ಮುಂಬೈ ಪ್ರಾಂತದಲ್ಲಿ. 1884ರ ಬಾಂಬೆ ಗೆಜೆಟಿಯರಿನ 22ನೇ ಸಂಪುಟ ಪೂರ್ತಿ ಧಾರವಾಡಕ್ಕೆ ಮೀಸಲು. ಅದರಲ್ಲಿ ಹಾವೇರಿ ಪಟ್ಟಣ ಕರ್ಜಗಿ ತಾಲ್ಲೂಕಿನಲ್ಲಿದೆ, ಹಿರೇಕೆರೂರು ಕೋಡ ತಾಲ್ಲೂಕಿನಲ್ಲಿದೆ. ಈ ಹಳೆಯ ಹೆಸರುಗಳನ್ನು ಹೇಳಿಕೊಡದೆ ಬರೀ ಲಿಂಕ್ ಕೊಟ್ಟರೆ ವಿದ್ಯಾರ್ಥಿ ನಾಲ್ಕು ಸಲ ‘ಹಾವೇರಿ ಜಿಲ್ಲೆ’ ಎಂದು ಹೊಡೆದು, ಏನೂ ಇಲ್ಲವೆಂದು ಎದ್ದುಹೋಗುತ್ತಾನೆ.

ಶಾಸನಗಳ ವಿಷಯದಲ್ಲಂತೂ ಈ ತಪ್ಪು ಮತ್ತೆ ಮತ್ತೆ ಆಗುತ್ತದೆ. ಕರ್ನಾಟಕದ ಶಾಸನ ಎಂದೊಡನೆ ಬಿ.ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾಕ್ಕೆ ಲಿಂಕ್ ಕೊಡುವುದು ರೂಢಿ. ಆದರೆ ಆ ಸಂಪುಟಗಳು ಹಳೆಯ ಮೈಸೂರು ಸೀಮೆ ಮತ್ತು ಕೊಡಗಿನವು. ನಮ್ಮ ಭಾಗದ ಶಾಸನಗಳನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೇ ಸಂಪುಟಗಳಲ್ಲಿ, ‘ಬಾಂಬೆ ಕರ್ನಾಟಕ’ ಎಂಬ ಹೆಸರಿನಡಿ ಹುಡುಕಬೇಕು. ಶಿವಶರಣ ಏಕಾಂತದ ರಾಮಯ್ಯನ ಕಥೆ ಹೇಳುವ ಅಬ್ಬಲೂರಿನ ಶಾಸನಗಳನ್ನು ಜೆ.ಎಫ್. ಫ್ಲೀಟ್ ಸಂಪಾದಿಸಿದ್ದು ಎಪಿಗ್ರಾಫಿಯಾ ಇಂಡಿಕಾದ 5ನೇ ಸಂಪುಟದಲ್ಲಿ. ಅಲ್ಲಿ ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವೇ ಬೇರೆ, ನಾವಿಂದು ಟೈಪ್ ಮಾಡುವ ರೂಪದಲ್ಲಿ ಅದು ಸಿಗುವುದಿಲ್ಲ. ರಾಣೆಬೆನ್ನೂರು ಹಳೆಯ ದಾಖಲೆಗಳಲ್ಲಿ ರಾಣಿಬೆನ್ನೂರು. ಮುಂಬೈ ಪೇಟೆಯ ಬರಹಗಳಲ್ಲಿ ನಮ್ಮ ಮೆಣಸಿನಕಾಯಿ ಬೇಡಗಿ. ಪಿಎಚ್‌ಡಿ ಪ್ರಬಂಧಗಳ ಭಂಡಾರವಾದ ಶೋಧಗಂಗಾದಲ್ಲಿ ಕೆಲವು ಕನ್ನಡ ಪ್ರಬಂಧಗಳ ಶೀರ್ಷಿಕೆ ರೋಮನ್ ಲಿಪಿಯಲ್ಲಿದೆ, ಕನ್ನಡದಲ್ಲಿ ಟೈಪ್ ಮಾಡಿದರೆ ಅವು ತೋರುವುದೇ ಇಲ್ಲ.

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರಾದ ಮೈಲಾರ ಮಹದೇವಪ್ಪನವರನ್ನೇ ನೋಡಿ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದವರು. ಬರೀ ‘ಮೈಲಾರ’ ಎಂದು ಹುಡುಕಿದರೆ ಮೈಲಾರಲಿಂಗನ ಜಾತ್ರೆ, ಕಾರಣಿಕದ ಪುಟಗಳು ಮುಂದೆ ಬರುತ್ತವೆ. ಅವರ ಕಾಲದ ಪ್ರಾಂತೀಯ ಸರ್ಕಾರದ ಕಡತಗಳನ್ನು ಹುಡುಕಬೇಕಾದದ್ದು ಬೆಂಗಳೂರಿನಲ್ಲಲ್ಲ, ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ. ಇಂಥ ಒಂದು ಸಾಲು ಸಂಶೋಧಕನ ವಾರಗಟ್ಟಲೆ ಅಲೆದಾಟ ತಪ್ಪಿಸುತ್ತದೆ. ಆದ್ದರಿಂದ ಜಿಲ್ಲೆಯ ಬಗ್ಗೆ ಮಾಡುವ ಯಾವ ಮಾರ್ಗದರ್ಶಿಯಲ್ಲೇ ಆಗಲಿ, ಲಿಂಕುಗಳಿಗೂ ಮೊದಲು ‘ಯಾವ ಪದ ಹಾಕಿ ಹುಡುಕಬೇಕು’ ಎಂಬ ಪೆಟ್ಟಿಗೆಯೊಂದು ಇರಲೇಬೇಕು. ಹಳೆಯ ಹೆಸರು, ಹೊಸ ಹೆಸರು, ಇಂಗ್ಲಿಷ್ ಕಾಗುಣಿತದ ಎರಡು ಮೂರು ರೂಪ ಎಲ್ಲವೂ ಅದರಲ್ಲಿರಬೇಕು. ಸಮಯವಿಲ್ಲದ ಗ್ರಂಥಪಾಲಕರು ಉಳಿದೆಲ್ಲ ಬಿಟ್ಟು ಇದೊಂದನ್ನೇ ಮಾಡಿದರೂ ದೊಡ್ಡ ಉಪಕಾರ.

ತಪ್ಪು ಕಲ್ಪನೆ: ಆನ್‌ಲೈನ್ ಮಾರ್ಗದರ್ಶಿಯಲ್ಲಿ ಆನ್‌ಲೈನ್ ಆಕರಗಳಷ್ಟೇ ಇರಬೇಕು

ವಾಸ್ತವ: ಪುಟ ಆನ್‌ಲೈನ್ ಇರಲಿ, ಅದು ತೋರುವ ದಾರಿ ಕಪಾಟಿಗೂ ಹೋಗಲಿ. ಸ್ಥಳೀಯ ಇತಿಹಾಸದ ಎಷ್ಟೋ ಕನ್ನಡ ಪುಸ್ತಕಗಳು, ಸ್ಮರಣ ಸಂಚಿಕೆಗಳು ಇನ್ನೂ ಡಿಜಿಟಲ್ ಆಗಿಲ್ಲ. ಅವುಗಳ ಹೆಸರಿನ ಮುಂದೆ ಕರೆಸಂಖ್ಯೆ, ಯಾವ ಕಪಾಟು ಎಂಬುದಿರಲಿ. ಹನುಮನಮಟ್ಟಿಯ ಕೃಷಿ ಸಂಶೋಧನಾ ಕೇಂದ್ರ, ಗೋಟಗೋಡಿಯ ಜಾನಪದ ವಿಶ್ವವಿದ್ಯಾಲಯ, 1939ರಲ್ಲಿ ಶುರುವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಎಲ್ಲವೂ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲೇ ಇವೆ. ಅವನ್ನೂ ಆಕರಗಳೆಂದೇ ಪಟ್ಟಿಗೆ ಸೇರಿಸಬೇಕು.

ತಪ್ಪು ಕಲ್ಪನೆ: ಪಿಡಿಎಫ್ ಸಿಕ್ಕರೆ ಏರಿಸಿಬಿಡಬಹುದು, ವಿದ್ಯಾರ್ಥಿಗಳಿಗೇ ತಾನೆ

ವಾಸ್ತವ: ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಕೃತಿಸ್ವಾಮ್ಯ ಇಲ್ಲವಾಗುವುದಿಲ್ಲ. 1957ರ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಗಳಗನಾಥರು ತೀರಿಕೊಂಡದ್ದು 1942ರಲ್ಲಿ, ಹಾಗಾಗಿ ಅವರ ಕಾದಂಬರಿಗಳನ್ನು ಈಗ ಯಾರು ಬೇಕಾದರೂ ಹಂಚಬಹುದು. ಸವಣೂರಿನ ವಿ.ಕೃ. ಗೋಕಾಕರು 1992ರಲ್ಲಿ ತೀರಿಕೊಂಡರು, ಅವರ ಕೃತಿಗಳ ಹಕ್ಕು 2052ರ ಕೊನೆಯವರೆಗೂ ಇದೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಯಾರೋ ಏರಿಸಿದ್ದಾರೆ ಎಂಬುದು ನಮಗೆ ಅನುಮತಿ ಕೊಟ್ಟಂತಲ್ಲ. ಹಕ್ಕಿನಲ್ಲಿರುವ ಪುಸ್ತಕಕ್ಕೆ ಗ್ರಂಥಾಲಯದ ಪ್ರತಿಯನ್ನು ತೋರಿಸಿದರೆ ಸಾಕು.

ತಪ್ಪು ಕಲ್ಪನೆ: ಕನ್ನಡದಲ್ಲಿ ಟೈಪ್ ಮಾಡಿದರೆ ಕನ್ನಡದಲ್ಲಿ ಹುಡುಕಬಹುದು

ವಾಸ್ತವ: ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಮಾಡಿಟ್ಟ ಕಡತದಿಂದ ನಕಲು ಮಾಡಿ ಅಂಟಿಸಿದರೆ ಪುಟದಲ್ಲಿ ಮೂಡುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅದನ್ನು ತಪ್ಪಿಸಲು ಪುಟದ ಚಿತ್ರ ತೆಗೆದು ಹಾಕುವವರೂ ಇದ್ದಾರೆ. ಆಗ ಕಣ್ಣಿಗೆ ಕಾಣುತ್ತದೆ ನಿಜ, ಆದರೆ ಹುಡುಕಾಟಕ್ಕೆ ಸಿಗುವುದಿಲ್ಲ, ಸ್ಕ್ರೀನ್ ರೀಡರ್ ಓದುವುದಿಲ್ಲ. ಬರೆದದ್ದೆಲ್ಲ ಯೂನಿಕೋಡ್‌ನಲ್ಲೇ ಇರಬೇಕು. ಹಳೆಯ ಪಟ್ಟಿಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಟ್ಯಾಬಿನ ಹೆಸರಿಗೂ ಗ್ರಂಥಾಲಯದೊಳಗಿನ ಪರಿಭಾಷೆ ಬೇಡ: ‘ಓಪ್ಯಾಕ್’ ಬದಲು ‘ನಮ್ಮಲ್ಲಿರುವ ಪುಸ್ತಕ ಹುಡುಕಿ’, ‘ಇ-ರಿಸೋರ್ಸಸ್’ ಬದಲು ‘ಲೇಖನ ಹುಡುಕಿ’. ಸಿದ್ಧವಾದ ಪುಟವನ್ನು ಕಚೇರಿಯ ಕಂಪ್ಯೂಟರಿನಲ್ಲಿ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ನಮ್ಮ ಮಕ್ಕಳು ಓದುವುದು ಮೊಬೈಲಿನಲ್ಲಿ, ಅಲ್ಲೇ ತೆರೆದು ನೋಡಬೇಕು.

ತಪ್ಪು ಕಲ್ಪನೆ: ಒಮ್ಮೆ ಮಾಡಿಟ್ಟರೆ ಕೆಲಸ ಮುಗಿಯಿತು

ವಾಸ್ತವ: ರಟ್ಟಿಹಳ್ಳಿ ಹೊಸ ತಾಲ್ಲೂಕಾದ ಮೇಲೂ ಏಳೇ ತಾಲ್ಲೂಕು ತೋರಿಸುವ ಪುಟ ಓದುಗನನ್ನು ದಾರಿ ತಪ್ಪಿಸುತ್ತದೆ. 2025ರ ಜನವರಿಯಿಂದ ಕೇಂದ್ರದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಾವಿರಾರು ಪತ್ರಿಕೆಗಳು ತೆರೆದಿವೆ. ‘ಚಂದಾ ಇಲ್ಲ’ ಎಂದು ಹಿಂದೆ ಬರೆದದ್ದು ಹಾಗೇ ಉಳಿದಿದ್ದರೆ ಅದನ್ನು ತಿದ್ದಬೇಕು. ಮೆಣಸಿನಕಾಯಿ ದರವನ್ನಂತೂ ಪುಟದಲ್ಲಿ ಬರೆಯಲೇಬಾರದು, ದರ ತಿಳಿಸುವ ‘ಕೃಷಿ ಮಾರಾಟ ವಾಹಿನಿ’ ಜಾಲತಾಣಕ್ಕೆ ಲಿಂಕ್ ಕೊಟ್ಟರಾಯಿತು.

ಸುದ್ದಿಯ ಲಿಂಕುಗಳು ಬೇಗ ಸಾಯುತ್ತವೆ. 2024ರ ಮಾರ್ಚ್ 11ರ ಸೋಮವಾರ, ದರ ಕುಸಿದದ್ದಕ್ಕೆ ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಯ ಮೇಲೆ ದಾಳಿ ಮಾಡಿ ವಾಹನಗಳಿಗೆ ಬೆಂಕಿ ಇಟ್ಟ ಘಟನೆಯನ್ನು ಮುಂದೆ ಯಾರಾದರೂ ಅಧ್ಯಯನ ಮಾಡಿಯೇ ಮಾಡುತ್ತಾರೆ. ಅಂಥವರಿಗಾಗಿ ಲಿಂಕಿನ ಜೊತೆಗೆ ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆಯನ್ನೂ ಬರೆದಿಡಬೇಕು. ಲಿಂಕ್ ಹೋದರೂ ಪತ್ರಿಕೆಯ ಕಟ್ಟು ಬಿಚ್ಚಿ ನೋಡಲು ದಾರಿ ಉಳಿಯುತ್ತದೆ. ಪ್ರತಿ ಸೆಮಿಸ್ಟರ್ ಶುರುವಾಗುವ ಮುನ್ನ ಎಲ್ಲ ಲಿಂಕುಗಳನ್ನೂ ಒತ್ತಿ ನೋಡಿ, ಪರಿಶೀಲಿಸಿದ ದಿನಾಂಕವನ್ನು ಪುಟದ ಕೆಳಗೆ ನಮೂದಿಸಬೇಕು.

ತಪ್ಪು ಕಲ್ಪನೆ: ಮಾರ್ಗದರ್ಶಿ ಇದ್ದರೆ ಗ್ರಂಥಪಾಲಕರನ್ನು ಕೇಳುವ ಅಗತ್ಯವಿಲ್ಲ

ವಾಸ್ತವ: ಒಳ್ಳೆಯ ಪುಟ ಬಂದಮೇಲೆ ಕೇಳುವವರು ಹೆಚ್ಚಾಗುತ್ತಾರೆ. ‘ಹಾವೇರಿ ಬಗ್ಗೆ ಏನಾದರೂ ಇದೆಯಾ ಸರ್’ ಎನ್ನುತ್ತಿದ್ದವರು ‘ಕರ್ಜಗಿ ತಾಲ್ಲೂಕಿನ ಹಳೆಯ ಜನಗಣತಿ ಎಲ್ಲಿ ಸಿಗುತ್ತದೆ ಸರ್’ ಎಂದು ಕೇಳಲು ಶುರು ಮಾಡುತ್ತಾರೆ. ಪುಟದ ಮೇಲ್ಭಾಗದಲ್ಲೇ ಗ್ರಂಥಪಾಲಕರ ಹೆಸರು, ಸಿಗುವ ವೇಳೆ ಇರಲಿ. ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟು, ಬಂದ ಪ್ರಶ್ನೆಗಳನ್ನೂ ಉತ್ತರ ಎಲ್ಲಿ ಸಿಕ್ಕಿತು ಎಂಬುದನ್ನೂ ಅಂದಂದೇ ಬರೆದುಕೊಳ್ಳಬೇಕು. ಮುಂದಿನ ಸೆಮಿಸ್ಟರಿನಲ್ಲಿ ಪುಟಕ್ಕೆ ಏನು ಸೇರಬೇಕೆಂದು ತೀರ್ಮಾನಿಸಲು ಆ ನೋಟ್‌ಬುಕ್ಕೇ ಆಧಾರ.