ಕೇದಾರಯಾತ್ರೆ: ಹಣಕ್ಕಿಂತ ಮೊದಲು ರಾತ್ರಿಗಳ ಲೆಕ್ಕ

ಕೇದಾರನಾಥ ದೇವಾಲಯದ ಬಾಗಿಲು ಆ ವರ್ಷ ಯಾವ ದಿನ ತೆರೆಯುವುದೆಂಬುದನ್ನು ಮಹಾಶಿವರಾತ್ರಿಯಂದು ಊಖೀಮಠದ ಓಂಕಾರೇಶ್ವರ ಸನ್ನಿಧಿಯಲ್ಲಿ ನಿಶ್ಚಯಿಸಿ ಪ್ರಕಟಿಸುವುದು ಸಂಪ್ರದಾಯ. ಆ ಸುದ್ದಿ ಬಂದ ಒಂದೆರಡು ವಾರಗಳಲ್ಲಿ ಪದ್ಮನಾಭನಗರದ ನಮ್ಮ ಚಿಕಿತ್ಸಾಲಯಕ್ಕೆ ಯಾತ್ರಾರ್ಥಿಗಳು ಬರತೊಡಗುತ್ತಾರೆ. ಒಬ್ಬರು ಮಂಡಿನೋವಿಗೆ ತೈಲ ಕೇಳುತ್ತಾರೆ, ಇನ್ನೊಬ್ಬರು ಚಳಿಗೆ ಲೇಹ್ಯ ಕೇಳುತ್ತಾರೆ. ವಿಮಾನದ ದರ, ಪ್ಯಾಕೇಜಿನ ದರ, ಡೋಲಿಯ ದರ ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿರುತ್ತವೆ. ಆದರೆ "ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ?" ಎಂದು ನಾವು ಕೇಳಿದರೆ ಉತ್ತರ ಬರುವುದಿಲ್ಲ. ಆ ಪ್ರಶ್ನೆಯನ್ನು ಕೇಳಬೇಕೆಂದು ನಮಗೂ ಒಂದು ಕಾಲದಲ್ಲಿ ತಿಳಿದಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬಡಾವಣೆಯ ನಿವೃತ್ತ ಉಪಾಧ್ಯಾಯರೊಬ್ಬರು ಕೇದಾರಕ್ಕೆ ಹೊರಟರು. ಅರವತ್ತನಾಲ್ಕರ ವಯಸ್ಸು, ರಕ್ತದೊತ್ತಡವಿಲ್ಲ, ಮಧುಮೇಹವಿಲ್ಲ. ಪ್ರತಿದಿನ ಬೆಳಿಗ್ಗೆ ಯಡಿಯೂರು ಕೆರೆಯನ್ನು ನಾಲ್ಕು ಸುತ್ತು ಹಾಕುವವರು. ನಾವೇ ನಾಡಿ ನೋಡಿ, "ನಿಮಗೇನು ಮೇಷ್ಟ್ರೇ, ಧಾರಾಳವಾಗಿ ಹೋಗಿ ಬನ್ನಿ" ಎಂದು ಕಳುಹಿಸಿದ್ದೆವು. ಹರಿದ್ವಾರದಿಂದ ಬೆಳಿಗ್ಗೆ ಹೊರಟು ರಾತ್ರಿಗೆ ಸೋನಪ್ರಯಾಗ, ಮರುದಿನ ಸಂಜೆಗೆ ಕೇದಾರ. ಇದು ಅವರ ಪ್ರಯಾಣದ ಕ್ರಮ. ಆ ರಾತ್ರಿ ಹತ್ತರ ಸುಮಾರಿಗೆ ದೂರವಾಣಿ ಬಂದಿತು. "ಡಾಕ್ಟರೇ, ತಲೆ ಸಿಡಿಯುತ್ತಿದೆ, ಎರಡು ಸಲ ವಾಂತಿಯಾಯಿತು, ಊಟ ಬೇಡವೆನಿಸುತ್ತಿದೆ." ನಾವು ಅದನ್ನು ಪಿತ್ತಪ್ರಕೋಪವೆಂದು ಬಗೆದೆವು. ಶುಂಠಿ ಹಾಕಿದ ಬಿಸಿನೀರು ಕುಡಿದು ಮಲಗಿರಿ, ಬೆಳಿಗ್ಗೆ ಸರಿಹೋಗುತ್ತದೆ ಎಂದೆವು. ಬೆಳಿಗ್ಗೆ ಅವರು ಎದ್ದು ನಿಂತಾಗ ಕಾಲುಗಳು ತೊಡರಿದವು, ಮಾತು ತೊದಲಿತು. ಅಲ್ಲಿನ ವೈದ್ಯಕೀಯ ಶಿಬಿರದಲ್ಲಿದ್ದ ಯುವವೈದ್ಯರೊಬ್ಬರು ನೋಡಿದೊಡನೆ ಆಮ್ಲಜನಕ ಹಚ್ಚಿ, ಹೊತ್ತುಕೊಂಡು ಕೆಳಗಿಳಿಸಲು ಹೇಳಿದರು. ಗೌರಿಕುಂಡಕ್ಕೆ ಬರುವಷ್ಟರಲ್ಲಿ ಅವರಿಗೆ ಪ್ರಜ್ಞೆ ತಿಳಿಯಾಗಿತ್ತು. ದೇವಾಲಯದ ಶಿಖರವನ್ನು ಕಂಡಿದ್ದರು, ದರ್ಶನವಾಗಿರಲಿಲ್ಲ. ದೂರವಾಣಿಯಲ್ಲಿ ನಾವು ಹೇಳಬೇಕಾಗಿದ್ದ ಮಾತು ಶುಂಠಿಯದಲ್ಲ. ಆಮ್ಲಜನಕ ದೊರೆಯುವ ಕಡೆಗೆ ಈಗಲೇ ಕರೆದೊಯ್ಯಿರಿ, ಒಂದು ಹೆಜ್ಜೆಯೂ ಮೇಲಕ್ಕೆ ಬೇಡ, ಬೆಳಕಾಗುತ್ತಲೇ ಕೆಳಗಿಳಿಸಿರಿ ಎನ್ನಬೇಕಾಗಿತ್ತು. ಆ ಒಂದು ರಾತ್ರಿ ನಮ್ಮನ್ನು ಮತ್ತೆ ಓದಲು ಕೂರಿಸಿತು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೇದಾರನಾಥ 3,583 ಮೀಟರ್. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕೇದಾರದ ಕಾಲ್ನಡಿಗೆ ಆರಂಭವಾಗುವ ಗೌರಿಕುಂಡವೇ 1,982 ಮೀಟರ್. ಅಂದರೆ ಕನ್ನಡನಾಡಿನ ನೆತ್ತಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಆ ದಾರಿ ಮೊದಲಾಗುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ನೂರಕ್ಕೆ 21ರಷ್ಟೇ. ಆದರೆ ಮೇಲೇರಿದಂತೆ ಗಾಳಿಯ ಒತ್ತಡ ತಗ್ಗುತ್ತದೆ, ಗಾಳಿ ತೆಳುವಾಗುತ್ತದೆ. ಬೆಂಗಳೂರಿನಲ್ಲಿ ಏಳು ಉಸಿರಿಗೆ ದೊರೆಯುವ ಆಮ್ಲಜನಕಕ್ಕೆ ಕೇದಾರದಲ್ಲಿ ಹತ್ತು ಉಸಿರು ಬೇಕು.

ಶರೀರ ಈ ಕೊರತೆಗೆ ಹೊಂದಿಕೊಳ್ಳಬಲ್ಲುದು. ಉಸಿರು ಆಳವಾಗುತ್ತದೆ, ಹೃದಯದ ಬಡಿತ ಹೆಚ್ಚುತ್ತದೆ, ಮೂತ್ರಪಿಂಡಗಳು ರಕ್ತದ ಕ್ಷಾರಾಮ್ಲ ಸಮತೋಲವನ್ನು ತಿದ್ದುತ್ತವೆ. ಇದಕ್ಕೆಲ್ಲ ಒಂದೆರಡು ದಿನಗಳ ಕಾಲಾವಕಾಶ ಬೇಕು. ಕಾಲಾವಕಾಶ ಕೊಡದೆ ಏರಿದವರಿಗೆ ಆರರಿಂದ ಹನ್ನೆರಡು ಗಂಟೆಗಳ ಬಳಿಕ ತಲೆನೋವು, ಓಕರಿಕೆ, ಹಸಿವಿಲ್ಲದಿರುವುದು, ತಲೆಸುತ್ತು, ನಿದ್ರಾಭಂಗ ಕಾಣಿಸಿಕೊಳ್ಳುತ್ತವೆ. ಹತ್ತಿದ ಕೂಡಲೇ ಬಾಧಿಸದೆ ರಾತ್ರಿ ಬಾಧಿಸುವುದೇ ಇದರ ಮೋಸ. ಬಾಧೆ ಮುಂದುವರಿದರೆ ಮಿದುಳಿನಲ್ಲಿಯೋ ಶ್ವಾಸಕೋಶದಲ್ಲಿಯೋ ನೀರು ತುಂಬಿಕೊಳ್ಳುತ್ತದೆ. ಆಗ ಅದು ಪ್ರಾಣಾಂತಿಕ. ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ, ಕಾಲಿನ ಬಲಕ್ಕೂ ಈ ಹೊಂದಾಣಿಕೆಗೂ ಸಂಬಂಧವಿಲ್ಲ. ಶಿವಗಂಗೆಯ ಬೆಟ್ಟವನ್ನು ವಾರಕ್ಕೊಮ್ಮೆ ಹತ್ತಿ ಅಭ್ಯಾಸ ಮಾಡುವುದು ಒಳ್ಳೆಯದೇ. ಮಂಡಿಗೂ ಹೃದಯಕ್ಕೂ ಹಿತ. ಅದರಿಂದ ತೆಳುಗಾಳಿ ಅಭ್ಯಾಸವಾಗುವುದಿಲ್ಲ. ಬಲಿಷ್ಠ ಯುವಕರು ಬೇಗ ಬೇಗ ಏರಿ ಮೊದಲು ಮಲಗುವುದನ್ನು ಅಲ್ಲಿ ಎಲ್ಲರೂ ಕಂಡಿದ್ದಾರೆ.

ಹಾಗಾದರೆ ಹೇಗೆ ಏರಬೇಕು? ಉತ್ಸವಮೂರ್ತಿಯ ಡೋಲಿಯನ್ನೇ ನೋಡಿರಿ. ಚಳಿಗಾಲದಲ್ಲಿ ಕೇದಾರೇಶ್ವರನ ಪೂಜೆ ನಡೆಯುವುದು ಸುಮಾರು 1,300 ಮೀಟರ್ ಎತ್ತರದ ಊಖೀಮಠದಲ್ಲಿ. ಕೇದಾರದ ರಾವಲರು ವೀರಶೈವ ಪರಂಪರೆಯವರೆಂಬುದೂ, ಅಲ್ಲಿ ಪೂಜೆ ಸಲ್ಲಿಸುವ ಅರ್ಚಕರು ಕರ್ನಾಟಕ ಮೂಲದವರೆಂಬುದೂ ನಮ್ಮ ಓದುಗರಿಗೆ ಹೊಸದಲ್ಲ. ಬಾಗಿಲು ತೆರೆಯುವ ಮುನ್ನ ಡೋಲಿ ಊಖೀಮಠದಿಂದ ಹೊರಟು ಮೊದಲ ರಾತ್ರಿ ಗುಪ್ತಕಾಶಿಯಲ್ಲಿ, ಎರಡನೆಯ ರಾತ್ರಿ ಫಾಟಾದಲ್ಲಿ, ಮೂರನೆಯ ರಾತ್ರಿ ಗೌರಿಕುಂಡದಲ್ಲಿ ತಂಗಿ, ನಾಲ್ಕನೆಯ ದಿನ ಕೇದಾರ ಸೇರುತ್ತದೆ. ದೇವರೇ ನಾಲ್ಕು ದಿನ ತೆಗೆದುಕೊಳ್ಳುವ ದಾರಿಯನ್ನು ನಾವು ಒಂದೂವರೆ ದಿನದಲ್ಲಿ ಮುಗಿಸಲು ಹೊರಡುತ್ತೇವೆ.

ಎತ್ತರದ ವೈದ್ಯಕೀಯ ತಿಳಿದವರ ನಿಯಮ ಇದಕ್ಕಿಂತಲೂ ಬಿಗಿಯಾದದ್ದು. 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ವಿಶ್ರಮಿಸಬೇಕು. ಗೌರಿಕುಂಡದಿಂದ ಕೇದಾರಕ್ಕೆ ಒಂದೇ ದಿನದಲ್ಲಿ 1,600 ಮೀಟರ್ ಏರುವುದು ಈ ನಿಯಮಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಅರವತ್ತು ದಾಟಿದವರಿಗೆ ನಾವು ಈಗ ಹೇಳುವ ಕ್ರಮ ಹೀಗಿದೆ: ಋಷಿಕೇಶದಲ್ಲಿ ಒಂದು ರಾತ್ರಿ, ಊಖೀಮಠ ಅಥವಾ ಗುಪ್ತಕಾಶಿಯಲ್ಲಿ ಎರಡು ರಾತ್ರಿ, ಗೌರಿಕುಂಡದಲ್ಲಿ ಒಂದು ರಾತ್ರಿ. ಅನಂತರದ 16 ಕಿಲೋಮೀಟರ್ ದಾರಿಯಲ್ಲಿ ಸಾಧ್ಯವಾದರೆ ಲಿಂಚೋಲಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ದರ್ಶನ ಮಾಡಿ ಅಂದೇ ಇಳಿಯುವುದು. ಊಖೀಮಠದ ಎರಡು ದಿನಗಳು ವ್ಯರ್ಥವಲ್ಲ. ಓಂಕಾರೇಶ್ವರನ ಸನ್ನಿಧಿಯಿದೆ, ನಮ್ಮ ಪರಂಪರೆಯ ಪೀಠವಿದೆ. ಹಸಿವಿನಲ್ಲಿ ಧಾವಿಸುವ ಪ್ಯಾಕೇಜಿನವರು ಅದನ್ನು ಬಸ್ಸಿನ ಕಿಟಕಿಯಿಂದ ತೋರಿಸಿ ಮುಂದೆ ಹೋಗುತ್ತಾರೆ. ನಾಲ್ಕು ಧಾಮಗಳಿಗೂ ಹೋಗುವವರು ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿ ಎಂಬ ರೂಢಿಯ ಕ್ರಮವನ್ನೇ ಇಟ್ಟುಕೊಳ್ಳಲಿ. ಸುಮಾರು 3,100 ಮೀಟರ್‌ನ ಗಂಗೋತ್ರಿಯನ್ನು ಕಂಡು ಬಂದ ಶರೀರಕ್ಕೆ ಕೇದಾರದ ಗಾಳಿ ಪೂರ್ಣ ಅಪರಿಚಿತವಾಗಿರುವುದಿಲ್ಲ.

ಹೆಲಿಕಾಪ್ಟರಿನ ವಿಷಯವನ್ನು ಬಹಳ ಮಂದಿ ಕೇಳುತ್ತಾರೆ. ಮಂಡಿ ಸವೆದವರಿಗೆ ಅದೇ ಗತಿ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದು ಹತ್ತು ನಿಮಿಷಗಳೊಳಗೆ ಎರಡು ಸಾವಿರ ಮೀಟರ್ ಮೇಲಕ್ಕೆ ಎತ್ತಿ ಇಡುತ್ತದೆ. ಹಾಗೆ ಹೋದವರು ದರ್ಶನ ಮುಗಿಸಿ ಅಂದೇ ಇಳಿದುಬಿಟ್ಟರೆ ಬಾಧೆ ಶುರುವಾಗುವ ವೇಳೆಗೆ ಕೆಳಗಿರುತ್ತಾರೆ. ಹೆಲಿಕಾಪ್ಟರಿನಲ್ಲಿ ಏರಿ, ರಾತ್ರಿ ಅಲ್ಲಿಯೇ ಮಲಗಿ, ಬೆಳಗಿನ ಪೂಜೆ ನೋಡುವೆವೆನ್ನುವವರು ಹೆಚ್ಚಿನ ಅಪಾಯವನ್ನು ಕೊಂಡುಕೊಂಡಂತೆ. ಮೋಡ ಕವಿದು ಹಾರಾಟ ನಿಂತರೆ ಉಳಿಯಲೇಬೇಕಾಗುತ್ತದೆ. ಆದುದರಿಂದ ಅವರೂ ಮುಂಚಿತವಾಗಿ ಗುಪ್ತಕಾಶಿಯಲ್ಲಿ ಎರಡು ರಾತ್ರಿ ಕಳೆದಿರುವುದು ಕ್ಷೇಮ.

ನಾವು ಆಯುರ್ವೇದ ವೈದ್ಯರಾದುದರಿಂದ ಔಷಧದ ಮಾತನ್ನು ಮರೆಮಾಚದೆ ಹೇಳಬೇಕು. ಚರಕ, ಸುಶ್ರುತ, ವಾಗ್ಭಟರ ಸಂಹಿತೆಗಳಲ್ಲಿ ಈ ಎತ್ತರದ ಬಾಧೆಗೆ ಪ್ರತ್ಯೇಕ ಅಧ್ಯಾಯವಿಲ್ಲ. ಶೀತ, ರೂಕ್ಷ, ಅತಿಪ್ರಯಾಣಗಳಿಂದ ವಾತ ಕೆರಳುವುದನ್ನು ನಮ್ಮ ಶಾಸ್ತ್ರ ಚೆನ್ನಾಗಿ ಬಲ್ಲದು. ರಾತ್ರಿ ಅಂಗಾಲು ಮೀನಖಂಡಗಳಿಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕುವುದು, ತುಪ್ಪ ಹಾಕಿದ ಬಿಸಿ ಗಂಜಿ, ಶುಂಠಿ, ಬಿಸಿನೀರು ಇವೆಲ್ಲ ಆಯಾಸಕ್ಕೂ ಅಗ್ನಿಮಾಂದ್ಯಕ್ಕೂ ಹಿತಕರ. ಆದರೆ ಇವುಗಳಲ್ಲಿ ಯಾವುದೂ ರಕ್ತಕ್ಕೆ ಆಮ್ಲಜನಕ ತಂದುಕೊಡುವುದಿಲ್ಲ. ದಾರಿಯುದ್ದಕ್ಕೂ ಕರ್ಪೂರದ ಗಂಟನ್ನು ಮೂಸುತ್ತ ನಡೆಯುವವರಿದ್ದಾರೆ. ಕರ್ಪೂರ ಮೂಗನ್ನು ತೆರೆದಂತೆ ಭಾಸಗೊಳಿಸುತ್ತದೆ, ಅಷ್ಟೇ. ಡಬ್ಬಿಯಲ್ಲಿ ಮಾರುವ ಆಮ್ಲಜನಕ ಕೆಲವೇ ನಿಮಿಷಗಳದ್ದು. ಅಸಿಟಜೋಲಮೈಡ್ ಎಂಬ ಅಲೋಪಥಿ ಮಾತ್ರೆ ಹೊಂದಾಣಿಕೆಯನ್ನು ನಿಜವಾಗಿ ಚುರುಕುಗೊಳಿಸುತ್ತದೆ. ಏರುವ ಹಿಂದಿನ ದಿನದಿಂದ 125 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಕೊಡುವುದು ವಾಡಿಕೆ. ಸಲ್ಫಾ ಔಷಧ ಒಗ್ಗದವರಿಗೂ ಮೂತ್ರಪಿಂಡದ ತೊಂದರೆಯವರಿಗೂ ಅದು ಆಗದಿರಬಹುದಾದ್ದರಿಂದ ನಿಮ್ಮ ಫಿಜಿಷಿಯನ್ ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ಈ ಮಾತು ಹೇಳುವುದರಿಂದ ನಮ್ಮ ಶಾಸ್ತ್ರಕ್ಕೆ ಕುಂದಿಲ್ಲ. ನಿದ್ರೆಯ ಮಾತ್ರೆಗಳನ್ನು ಮಾತ್ರ ಅಲ್ಲಿ ಮುಟ್ಟಲೇಬೇಡಿ. ಅವು ಉಸಿರನ್ನು ಮತ್ತಷ್ಟು ಕುಗ್ಗಿಸುತ್ತವೆ.

2022ರ ಯಾತ್ರಾಕಾಲದಲ್ಲಿ ನಾಲ್ಕು ಧಾಮಗಳ ದಾರಿಯಲ್ಲಿ ಇನ್ನೂರಕ್ಕೂ ಹೆಚ್ಚು ಯಾತ್ರಿಕರು ಅಸುನೀಗಿದರು. ಬಹುಪಾಲಿಗೆ ಹೃದಯಾಘಾತವೇ ಕಾರಣವೆಂದು ವರದಿಯಾಯಿತು. ಆದ್ದರಿಂದ ಐವತ್ತು ದಾಟಿದವರು ಟಿಕೆಟ್ ಕೊಳ್ಳುವುದಕ್ಕೆ ಮುಂಚೆ ಹೃದಯತಜ್ಞರನ್ನು ಕಾಣಲಿ. ಈಚೆಗೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ರಕ್ತದೊತ್ತಡ ಹತೋಟಿಗೆ ಬಾರದವರು, ತೀವ್ರ ಶ್ವಾಸರೋಗ ಅಥವಾ ರಕ್ತಹೀನತೆಯುಳ್ಳವರು, ಗರ್ಭಿಣಿಯರು ಈ ವರ್ಷದ ಯಾತ್ರೆಯನ್ನು ಮುಂದೂಡುವುದೇ ಯುಕ್ತ. ಕೈಲಾಸ ಮಾನಸ ಸರೋವರಕ್ಕೆ ಸರ್ಕಾರದ ಮೂಲಕ ಹೋಗುವವರನ್ನು ದೆಹಲಿಯಲ್ಲಿ ವೈದ್ಯರು ಪರೀಕ್ಷಿಸುತ್ತಾರೆ, ಎಪ್ಪತ್ತು ದಾಟಿದವರನ್ನು ಬಿಡುವುದಿಲ್ಲ, ಲಿಪುಲೇಖದ ದಾರಿಯಲ್ಲಿ ಗುಂಜಿಯಲ್ಲಿ ಮತ್ತೊಮ್ಮೆ ತಪಾಸಣೆ ಮಾಡಿ ಆಗದವರನ್ನು ಹಿಂದಿರುಗಿಸುತ್ತಾರೆ. ಕೇದಾರಕ್ಕೆ ಅಂತಹ ಬಿಗಿ ಇಲ್ಲ. ಬೇಡವೆನ್ನುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ಇನ್ನು ನಮ್ಮವರಿಗೇ ವಿಶೇಷವಾಗಿ ಹೇಳಬೇಕಾದ ಎರಡು ಮಾತು. ಲಿಂಗಪೂಜೆಯಾಗುವವರೆಗೆ ತೊಟ್ಟು ನೀರನ್ನೂ ಮುಟ್ಟದ ಹಿರಿಯರು ನಮ್ಮಲ್ಲಿದ್ದಾರೆ. ಕೇದಾರದ ಸನ್ನಿಧಿಯಲ್ಲಿಯೇ ಪೂಜೆ ಮಾಡಿಕೊಳ್ಳುವೆವೆಂದು ಬರಿಹೊಟ್ಟೆಯಲ್ಲಿ ಏರತೊಡಗಿದರೆ ಮಧ್ಯಾಹ್ನದ ಹೊತ್ತಿಗೆ ಕುಸಿಯುವುದು ಖಂಡಿತ. ಗೌರಿಕುಂಡದ ಕೋಣೆಯಲ್ಲಿಯೇ ನಸುಕಿನಲ್ಲಿ ಎದ್ದು ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ ಹೊರಡಿ. ಹಾಗೆಯೇ ಆ ಚಳಿಯಲ್ಲಿ ತಣ್ಣೀರಿನ ಸ್ನಾನದ ಹಟ ಬೇಡ. ಶೈವರಿಗೆ ಭಸ್ಮಸ್ನಾನವೂ ಸ್ನಾನವೇ. ಮೇಲೇರಿದಂತೆ ಹಸಿವು ಕುಗ್ಗುತ್ತದೆ. ಹುರಿಹಿಟ್ಟು, ಅವಲಕ್ಕಿ, ಕೊಬ್ಬರಿ ಬೆಲ್ಲ, ಖಡಕ್ ರೊಟ್ಟಿ ಕಟ್ಟಿಕೊಂಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿರಿ. ಮೂತ್ರಕ್ಕೆ ಹೋಗಬೇಕಾದೀತೆಂದು ನೀರು ಬಿಡುವ ತಾಯಂದಿರು ಬಹಳ. ಅದರಿಂದ ತಲೆನೋವು ಹೆಚ್ಚಾಗಿ, ಎತ್ತರದ ಬಾಧೆಯೋ ನೀರಿನ ಕೊರತೆಯೋ ಎಂದು ತಿಳಿಯದಂತಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಹೆಗಲ ಚೀಲದಲ್ಲಿ ಇಡದೆ ಮೈಗೆ ತಾಗುವ ಒಳಜೇಬಿನಲ್ಲಿ ಇಟ್ಟುಕೊಳ್ಳಲಿ. ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು.

ಹವೆಯ ವಿಷಯದಲ್ಲಿ ಜಂಬ ಸಲ್ಲದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡದಲ್ಲಿ ನಮ್ಮ ನಾಡಿನ 9 ಮಂದಿ ಹಿಮಗಾಳಿಗೆ ಸಿಕ್ಕಿ ಮಡಿದರು. ಅವರಲ್ಲಿ ಅನುಭವಿಗಳೂ ಇದ್ದರು. ಮಳೆಗಾಲದ ಜುಲೈ, ಆಗಸ್ಟ್‌ಗಳನ್ನು ಬಿಟ್ಟು, ನೂಕುನುಗ್ಗಲಿನ ಮೇ ತಿಂಗಳನ್ನೂ ಬಿಟ್ಟು, ಸೆಪ್ಟೆಂಬರ್ ಕೊನೆಯಿಂದ ದೀಪಾವಳಿಯ ಮುಂಚಿನವರೆಗೆ ಹೋಗುವುದು ನಮ್ಮ ಅಭಿಪ್ರಾಯದಲ್ಲಿ ಲೇಸು. ಹಿಂದಿರುಗುವ ಟಿಕೆಟ್ಟಿಗೆ ಮುನ್ನ ಎರಡು ದಿನ ಬಿಡುವಿರಲಿ. ಬಿಡುವಿಲ್ಲದವರೇ ಮಳೆಯಲ್ಲಿಯೂ ತಲೆನೋವಿನಲ್ಲಿಯೂ ಮುಂದಕ್ಕೆ ನಡೆಯುವವರು.

ಅಲ್ಲಿ ತಲೆನೋವು ಬಂದರೆ, ಬೇರೆ ಕಾರಣ ಖಚಿತವಾಗುವವರೆಗೂ, ಅದು ಎತ್ತರದ್ದೆಂದೇ ತಿಳಿಯಬೇಕು. ಸೌಮ್ಯವಾಗಿದ್ದರೆ ಇದ್ದಲ್ಲಿಯೇ ಉಳಿದು ವಿಶ್ರಮಿಸಿ, ಮೇಲೇರಬೇಡಿ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ, ಮಾತು ಅಸಂಬದ್ಧವಾದರೆ, ಕುಳಿತಿರುವಾಗಲೂ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಕಂಡರೆ, ತುಟಿ ನೀಲಿಗಟ್ಟಿದರೆ, ಆಮ್ಲಜನಕ ದೊರೆಯುವ ಕಡೆಗೆ ಕೂಡಲೇ ಒಯ್ದು ಕೆಳಗಿಳಿಸುವ ಏರ್ಪಾಡು ಮಾಡಿ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಜೊತೆಗಿರಲಿ, ಆದರೆ ಆ ಎತ್ತರದಲ್ಲಿ ಆರೋಗ್ಯವಂತರಿಗೂ 90ರ ಕೆಳಗೆ ತೋರಿಸುವುದುಂಟು. ಅಂಕಿಗಿಂತ ಲಕ್ಷಣ ಮುಖ್ಯ.

ಇಳಿಯುವುದು ಬಾಯಲ್ಲಿ ಸುಲಭ. ದೇವಾಲಯ ಕಣ್ಣೆದುರಿಗಿರುವಾಗ ರೋಗಿ ಒಪ್ಪುವುದಿಲ್ಲ. ಜೊತೆಯವರಲ್ಲಿ ಯಾರು ದರ್ಶನ ಬಿಟ್ಟು ಇಳಿಯಬೇಕೆಂದು ಮುಖ ಮುಖ ನೋಡಿಕೊಳ್ಳುತ್ತಾರೆ. ಅದನ್ನು ಬೆಂಗಳೂರಿನಲ್ಲಿಯೇ ಕುಳಿತು ನಿಶ್ಚಯಿಸಿಕೊಳ್ಳಿ: ಇಂಥವರಿಗೆ ಆಗದಿದ್ದರೆ ಇಂಥವರು ಜೊತೆಗಿಳಿಯುವುದು. ಮೇಷ್ಟ್ರೊಡನೆ ಅಂದು ಇಳಿದವರು ಅವರ ಭಾವಮೈದುನ. ಅವರಿಗೂ ದರ್ಶನ ತಪ್ಪಿತ್ತು. ಎರಡು ವರ್ಷಗಳ ಬಳಿಕ ಅವರಿಬ್ಬರೂ ಮತ್ತೆ ಹೊರಟಾಗ ನಮ್ಮ ಚಿಕಿತ್ಸಾಲಯದ ಮೇಜಿನ ಮೇಲೆ ಹಾಳೆ ಹರಡಿ, ಒಂದೊಂದು ರಾತ್ರಿಯ ಎದುರಿಗೂ ಊರಿನ ಎತ್ತರವನ್ನು ಬರೆದುಕೊಂಡರು. ಒಟ್ಟು ಹನ್ನೊಂದು ದಿನಗಳಾದವು. ಲಿಂಚೋಲಿಯಲ್ಲಿ ಮೇಷ್ಟ್ರಿಗೆ ಸ್ವಲ್ಪ ತಲೆ ಭಾರವೆನಿಸಿ ಅಲ್ಲಿಯೇ ಇನ್ನೊಂದು ದಿನ ಉಳಿದರಂತೆ. ಮರುದಿನ ದರ್ಶನ ಮುಗಿಸಿ ದೂರವಾಣಿ ಮಾಡಿದರು. ನಾವು ಮೊದಲು ಕೇಳಿದ್ದು ತಲೆನೋವಿದೆಯೇ ಎಂದು. "ಇಲ್ಲ ಡಾಕ್ಟರೇ, ಹಸಿವಾಗುತ್ತಿದೆ" ಎಂದರು.