ಪಾದರಸದ ಗುಂಡು ಮತ್ತು ಮಿನಾಮಾಟದ ಮೀನು



ಈ ಸಲದ ಗೋಡೆ ಪತ್ರಿಕೆಗೆ ನಾನು ಸಮುದ್ರ ಸೇರುವ ವಿಷದ ಬಗ್ಗೆ ಬರೆಯುತ್ತಿದ್ದೇನೆ. ಈ ವಿಷಯವನ್ನು ನಾನಾಗಿ ಆರಿಸಿಕೊಳ್ಳಲಿಲ್ಲ. ನಾನು ಮಾಡಿದ ಒಂದು ತಪ್ಪಿನಿಂದ ಅದು ನನ್ನ ಪಾಲಿಗೆ ಬಂತು. ಆ ತಪ್ಪು ಏನು ಅಂತ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಅಕ್ಕ ಹೆರಿಗೆಗೆ ಅಂತ ತವರಿಗೆ ಬಂದಿದ್ದಾಳೆ. ಹೋದ ತಿಂಗಳು ಒಂದು ದಿನ ಅವಳಿಗೆ ಮೈ ಬಿಸಿಯಾಗಿತ್ತು. ಅಪ್ಪ ಪೆಟ್ಟಿಗೆಯಿಂದ ಹಳೆಯ ಗಾಜಿನ ಥರ್ಮಾಮೀಟರ್ ತೆಗೆದುಕೊಟ್ಟರು. ನಾನು ಅದನ್ನು ಜೋರಾಗಿ ಕೊಡವಿದೆ. ಮಂಚದ ಕಾಲಿಗೆ ತಾಗಿ ಟಣ್ ಅಂತ ಒಡೆಯಿತು. ನೆಲದ ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಸಣ್ಣ ಸಣ್ಣ ಗುಂಡುಗಳು ಓಡಾಡಿದವು. ಬೆರಳು ತಾಗಿಸಿದರೆ ಒಂದು ಎರಡಾಗುತ್ತದೆ. ಹತ್ತಿರ ತಂದರೆ ಎರಡು ಒಂದಾಗುತ್ತದೆ. ಎಷ್ಟು ಚಂದ! ನಾನು ಅವನ್ನೆಲ್ಲ ಬೆಂಕಿಪೆಟ್ಟಿಗೆಯಲ್ಲಿ ತುಂಬಿಕೊಂಡು ಮರುದಿನ ಶಾಲೆಗೆ ತಂದೆ.

ನಿಮ್ಮಲ್ಲಿ ಕೆಲವರು ನನ್ನ ಜೊತೆ ಆಡಿದ್ದೀರಿ. ಹೆಸರು ಬರೆಯುವುದಿಲ್ಲ, ಹೆದರಬೇಡಿ. ಗಂಟೆ ಹೊಡೆದಾಗ ಸಿಕ್ಕಿಬೀಳುತ್ತೇನೆ ಅಂತ ಹೆದರಿ ಅರ್ಧದಷ್ಟನ್ನು ಶಾಲೆಯ ಹಿಂದಿನ ಹಳ್ಳಕ್ಕೆ ಬಿಸಾಡಿದೆ. ಉಳಿದರ್ಧ ಅಕ್ಕೋರ ಕಣ್ಣಿಗೆ ಬಿತ್ತು.

ಅಕ್ಕೋರು ಹೊಡೆಯಲಿಲ್ಲ. ಎಲ್ಲರಿಗೂ ಕೈ ತೊಳೆಯಲು ಹೇಳಿದರು. ಕಿಟಕಿ ಬಾಗಿಲು ತೆಗೆಸಿದರು. ಗುಂಡುಗಳನ್ನು ದಪ್ಪ ಕಾಗದದಿಂದ ಒಟ್ಟುಮಾಡಿ ಬಾಟಲಿಗೆ ಹಾಕಿ ಮುಚ್ಚಳ ಬಿಗಿದರು. ಆಮೇಲೆ ಕೇಳಿದರು: "ಆ ಹಳ್ಳ ಎಲ್ಲಿಗೆ ಹೋಗ್ತದೆ?"

"ಹೊಳೆಗೆ ಅಕ್ಕೋರೆ."

"ಹೊಳೆ?"

"ಅಳಿವೆಗೆ."

ಅಳಿವೆಯಲ್ಲಿ ನೀರು ಇಳಿದಾಗ ನಮ್ಮ ಅಜ್ಜಿ ಬಳಚು ಹೆಕ್ಕುತ್ತಾಳೆ. ಅದು ನೆನಪಾಗಿ ನಾನು ಸುಮ್ಮನೆ ನಿಂತೆ. ಆಗ ಅಕ್ಕೋರು ಜಪಾನಿನ ಮಿನಾಮಾಟ ಎಂಬ ಊರಿನ ಕಥೆ ಹೇಳಿದರು. "ಇದನ್ನು ನೀನೇ ಗೋಡೆ ಪತ್ರಿಕೆಗೆ ಬರೀಬೇಕು" ಅಂದರು. ಅವರು ಹೇಳಿದ್ದು, ಅವರು ಕೊಟ್ಟ ಪುಸ್ತಕದಲ್ಲಿ ಓದಿದ್ದು ಎರಡನ್ನೂ ಸೇರಿಸಿ ಬರೆದಿದ್ದೇನೆ.

ಬೆಕ್ಕುಗಳು ಕುಣಿದ ಊರು

ಜಪಾನಿನ ದಕ್ಷಿಣಕ್ಕೆ ಕ್ಯೂಶೂ ಎಂಬ ದೊಡ್ಡ ದ್ವೀಪ ಇದೆ. ಅದರ ಪಶ್ಚಿಮ ದಂಡೆಯಲ್ಲಿ ಮಿನಾಮಾಟ ಇದೆ. ಅಲ್ಲಿನ ಕಡಲು ಶಾಂತವಾದದ್ದು. ದಂಡೆಯ ಹಳ್ಳಿಗಳ ಜನ ನಮ್ಮ ಹಾಗೆಯೇ ಮೀನು ಹಿಡಿಯುವವರು, ಚಿಪ್ಪು ಹೆಕ್ಕುವವರು. ದಿನಕ್ಕೆ ಮೂರು ಹೊತ್ತೂ ಮೀನು ತಿನ್ನುವವರಿದ್ದರು.

ಆ ಊರಿನಲ್ಲಿ ಚಿಸ್ಸೊ ಎಂಬ ಕಂಪನಿಯ ಕಾರ್ಖಾನೆ ಇತ್ತು. 1932ರಿಂದ ಅಲ್ಲಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸುತ್ತಿದ್ದರು. ಅದನ್ನು ತಯಾರಿಸಲು ಪಾದರಸವನ್ನು ವೇಗವರ್ಧಕವಾಗಿ ಬಳಸುತ್ತಿದ್ದರು. ವೇಗವರ್ಧಕ ಅಂದರೆ ರಾಸಾಯನಿಕ ಕ್ರಿಯೆ ಬೇಗ ಆಗುವಂತೆ ಮಾಡುವ ವಸ್ತು. ಈ ಕ್ರಿಯೆ ನಡೆಯುವಾಗ ಸ್ವಲ್ಪ ಪಾದರಸ ಮೀಥೈಲ್ ಪಾದರಸ ಎಂಬ ಘೋರ ವಿಷವಾಗಿ ಬದಲಾಗುತ್ತಿತ್ತು. ಕೊಳಕು ನೀರಿನ ಜೊತೆ ಅದು ಸೀದಾ ಕಡಲಿಗೆ ಹೋಗುತ್ತಿತ್ತು. ಒಟ್ಟು 70ರಿಂದ 150 ಟನ್ ಪಾದರಸ ಕಡಲು ಸೇರಿರಬಹುದು ಎಂದು ಅಂದಾಜು.

1950ರ ಆಸುಪಾಸಿನಲ್ಲಿ ಜನ ವಿಚಿತ್ರಗಳನ್ನು ಕಂಡರು. ಮೀನುಗಳು ಮೇಲೆ ತೇಲಿ ಬಂದವು. ಕೈಯಿಂದಲೇ ಹಿಡಿಯಬಹುದಾಗಿತ್ತು. ಬಂಡೆಯ ಚಿಪ್ಪುಗಳು ಸತ್ತವು. ಕಾಗೆಗಳು ಹಾರುತ್ತ ಹಾರುತ್ತ ಕೆಳಗೆ ಬಿದ್ದವು. ಎಲ್ಲಕ್ಕಿಂತ ವಿಚಿತ್ರ ಬೆಕ್ಕುಗಳದ್ದು. ಮೀನಿನ ತುಂಡು ತಿಂದ ಬೆಕ್ಕುಗಳು ತಿರುಗಿ ತಿರುಗಿ ಕುಣಿದವು. ಗೋಡೆಗೆ ಢಿಕ್ಕಿ ಹೊಡೆದವು. ಕೆಲವು ಕಡಲಿಗೇ ಬಿದ್ದು ಸತ್ತವು. 1954ರಲ್ಲಿ ಒಂದು ಹಳ್ಳಿಯವರು "ನಮ್ಮೂರ ಬೆಕ್ಕುಗಳೆಲ್ಲ ಸತ್ತುಹೋಗಿ ಇಲಿ ಕಾಟ ಹೆಚ್ಚಾಗಿದೆ" ಅಂತ ದೂರು ಕೊಟ್ಟರು. ಅದು ಪತ್ರಿಕೆಯಲ್ಲೂ ಬಂತು. ಇಲಿಯ ಸುದ್ದಿ ಓದಿ ಕೆಲವರು ನಕ್ಕಿರಬಹುದು. ಬೆಕ್ಕು ಯಾಕೆ ಸತ್ತಿತು ಅಂತ ಆಗಲೇ ಹುಡುಕಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು.

1956ರ ಏಪ್ರಿಲ್ ತಿಂಗಳಲ್ಲಿ 5 ವರ್ಷದ ಒಬ್ಬ ಹುಡುಗಿಯನ್ನು ಕಾರ್ಖಾನೆಯ ಆಸ್ಪತ್ರೆಗೆ ತಂದರು. ಅವಳಿಗೆ ನೆಟ್ಟಗೆ ನಡೆಯಲು ಆಗುತ್ತಿರಲಿಲ್ಲ. ಮಾತು ತೊದಲುತ್ತಿತ್ತು. ಕೆಲವೇ ದಿನಗಳಲ್ಲಿ ಅವಳ ತಂಗಿಗೂ ಹಾಗೆಯೇ ಆಯಿತು. ಆಸ್ಪತ್ರೆಯ ಮುಖ್ಯ ವೈದ್ಯರು ಹಾಜಿಮೆ ಹೊಸೊಕಾವ. ಅವರು 1956ರ ಮೇ 1ರಂದು, ಕಾರಣ ತಿಳಿಯದ ನರರೋಗ ಬಂದಿದೆ ಎಂದು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ವರದಿ ಮಾಡಿದರು. ರೋಗಿಗಳಿಗೆ ಕೈಕಾಲು ಜೋಮು ಹಿಡಿಯುತ್ತಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದು ಮಾತ್ರ ಕಾಣುತ್ತಿತ್ತು. ಕಿವಿ ಮಂದವಾಗುತ್ತಿತ್ತು. ಮೈ ನಡುಗುತ್ತಿತ್ತು. ಎಷ್ಟೋ ಜನ ಸತ್ತರು. ಊರಿನವರು ಇದು ಅಂಟುರೋಗ ಅಂತ ಹೆದರಿ ಅವರ ಮನೆಗೆ ಹೋಗುವುದನ್ನೇ ಬಿಟ್ಟರು.

ಸ್ವಲ್ಪ ವಿಷ ತುಂಬಾ ಆಗುವುದು ಹೇಗೆ?

ಕಡಲು ಅಷ್ಟು ದೊಡ್ಡದು. ವಿಷ ತೆಳ್ಳಗಾಗಿ ಹೋಗಬೇಕಲ್ಲ? ನನಗೂ ಈ ಸಂಶಯ ಬಂತು. ಅಕ್ಕೋರು ಹಲಗೆಯ ಮೇಲೆ ಲೆಕ್ಕ ಬರೆದು ತೋರಿಸಿದರು. ಇದು ತಿಳಿಯಲಿಕ್ಕೆ ಮಾಡಿದ ಲೆಕ್ಕ ಅಷ್ಟೆ.

ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಒಂದೊಂದು ಪಾಚಿಯಲ್ಲಿ 1 ಕಣ ವಿಷ ಇದೆ ಅಂತ ಇಟ್ಟುಕೊಳ್ಳಿ. ಒಂದು ಸಣ್ಣ ಹುಳ 10 ಪಾಚಿ ತಿಂದರೆ ಅದರಲ್ಲಿ 10 ಕಣ. ಒಂದು ಸಣ್ಣ ಮೀನು ಅಂಥ 10 ಹುಳ ತಿಂದರೆ 100 ಕಣ. ದೊಡ್ಡ ಮೀನು ಅಂಥ 10 ಸಣ್ಣ ಮೀನು ತಿಂದರೆ 1,000 ಕಣ. ಅಂಥ 10 ದೊಡ್ಡ ಮೀನು ತಿಂದ ಮನುಷ್ಯನಿಗೆ 10,000 ಕಣ!

ಉಪ್ಪು ತಿಂದರೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಮೀಥೈಲ್ ಪಾದರಸ ಹಾಗೆ ಬೇಗ ಹೋಗುವುದಿಲ್ಲ. ನಮ್ಮ ದೇಹದಿಂದ ಅದರ ಅರ್ಧ ಭಾಗ ಹೋಗಲು ಸುಮಾರು ಎರಡು ತಿಂಗಳು ಬೇಕು. ಅಷ್ಟರಲ್ಲಿ ಮತ್ತೆ ಮೀನು ತಿಂದಿರುತ್ತೇವೆ. ಹೀಗೆ ಮೇಲೆ ಮೇಲೆ ಸೇರುತ್ತ ಹೋಗಿ, ಕಡಲಿನ ದೊಡ್ಡ ಬೇಟೆ ಮೀನುಗಳಲ್ಲಿ ಅದು ನೀರಿನಲ್ಲಿ ಇರುವುದಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚು ಇರಬಹುದು. ಅದು ಮೀನಿನ ಮಾಂಸಕ್ಕೇ ಅಂಟಿಕೊಂಡಿರುತ್ತದೆ. ಎಷ್ಟು ತೊಳೆದರೂ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ.

ಥರ್ಮಾಮೀಟರಿನ ಪಾದರಸ ಮೀಥೈಲ್ ಪಾದರಸ ಅಲ್ಲ. ಅದರ ಆವಿ ಉಸಿರಿನಲ್ಲಿ ಹೋದರೆ ಕೆಟ್ಟದ್ದು. ಆದರೆ ಅದು ಹಳ್ಳದ, ಅಳಿವೆಯ ಕೆಸರು ಸೇರಿದರೆ, ಗಾಳಿ ಇಲ್ಲದ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಅದರಲ್ಲಿ ಸ್ವಲ್ಪವನ್ನು ಮೀಥೈಲ್ ಪಾದರಸವಾಗಿ ಬದಲಾಯಿಸಬಲ್ಲವು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೊಟ್ಟೆಯೊಳಗಿನ ಮಗು

ಇನ್ನೂ ಒಂದು ವಿಷಯ ಇದೆ. ಮಿನಾಮಾಟದಲ್ಲಿ ಕೆಲವು ಮಕ್ಕಳು ಹುಟ್ಟುವಾಗಲೇ ಕೈಕಾಲು ಸೊಟ್ಟಗಾಗಿ, ಕುತ್ತಿಗೆ ನಿಲ್ಲದೆ ಹುಟ್ಟಿದರು. ಅವರು ಒಂದು ತುಂಡು ಮೀನನ್ನೂ ತಿಂದವರಲ್ಲ. ತಾಯಂದಿರು ನೋಡಲು ಆರೋಗ್ಯವಾಗಿಯೇ ಇದ್ದರು. ತಾಯಿಯ ಮಾಸು ವಿಷವನ್ನು ತಡೆಯುತ್ತದೆ ಅಂತ ಆಗಿನ ವೈದ್ಯರು ನಂಬಿದ್ದರು. ಮಸಜುಮಿ ಹರಾಡ ಎಂಬ ವೈದ್ಯರು ಮನೆ ಮನೆಗೆ ಹೋಗಿ ತಾಯಂದಿರ ಮಾತು ಕೇಳಿದರು. ವಿಷ ಮಾಸನ್ನು ದಾಟಿ ಮಗುವಿಗೆ ಹೋಗಿದೆ ಅಂತ ತೋರಿಸಿದರು. 1962ರಲ್ಲಿ ಆ ಮಕ್ಕಳಿಗೆ ಬಂದದ್ದೂ ಅದೇ ರೋಗ ಎಂದು ಒಪ್ಪಲಾಯಿತು.

ಜಪಾನಿನಲ್ಲಿ ಮಗುವಿನ ಹೊಕ್ಕುಳ ಬಳ್ಳಿಯನ್ನು ಒಣಗಿಸಿ ಸಣ್ಣ ಪೆಟ್ಟಿಗೆಯಲ್ಲಿ ಇಡುವ ಪದ್ಧತಿ ಇದೆ. ಮುಂದೆ ಎಷ್ಟೋ ವರ್ಷಗಳ ನಂತರ ಆ ಬಳ್ಳಿಗಳನ್ನು ಪರೀಕ್ಷೆ ಮಾಡಿದಾಗ ಅದರಲ್ಲಿ ಮೀಥೈಲ್ ಪಾದರಸ ಸಿಕ್ಕಿತು.

ಗೊತ್ತಿದ್ದೂ ಮುಚ್ಚಿಟ್ಟರು

ಡಾಕ್ಟರ್ ಹೊಸೊಕಾವ ಅವರು 1959ರಲ್ಲಿ ಒಂದು ಪ್ರಯೋಗ ಮಾಡಿದರು. ಕಾರ್ಖಾನೆಯ ಕೊಳಕು ನೀರನ್ನು ಆಹಾರದ ಮೇಲೆ ಹಾಕಿ ಬೆಕ್ಕಿಗೆ ತಿನ್ನಿಸಿದರು. ಆ ಬೆಕ್ಕಿನ ನಂಬರು 400. ಅಕ್ಟೋಬರಿನಲ್ಲಿ ಅದಕ್ಕೂ ಅದೇ ರೋಗ ಬಂತು. ಕಂಪನಿಯವರು ಆ ಪ್ರಯೋಗ ನಿಲ್ಲಿಸಿದರು. ಯಾರಿಗೂ ಹೇಳಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ನೀರು ಶುದ್ಧ ಮಾಡುವ ಯಂತ್ರ ಕೂಡಿಸಿದೆವು ಅಂತ ಸಮಾರಂಭ ಮಾಡಿದರು. ಮೀಥೈಲ್ ಪಾದರಸವನ್ನು ತೆಗೆಯಲು ಆ ಯಂತ್ರದಿಂದ ಆಗುತ್ತಿರಲಿಲ್ಲ. ಜನ ಮಾತ್ರ ನಂಬಿ ಪುನಃ ಮೀನು ತಿಂದರು.

1965ರಲ್ಲಿ ಜಪಾನಿನ ಇನ್ನೊಂದು ಕಡೆ, ನಿಗಾಟದಲ್ಲಿ, ಬೇರೆ ಕಾರ್ಖಾನೆಯ ನೀರಿನಿಂದ ಇದೇ ರೋಗ ಬಂತು. ಚಿಸ್ಸೊ ಆ ರೀತಿಯ ತಯಾರಿಕೆ ನಿಲ್ಲಿಸಿದ್ದು 1968ರಲ್ಲಿ. ಸರ್ಕಾರ ಕಾರಣ ಒಪ್ಪಿಕೊಂಡದ್ದೂ ಅದೇ ವರ್ಷ. 1970ರಲ್ಲಿ ಹೊಸೊಕಾವ ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದುಕೊಂಡೇ ಆ ಬೆಕ್ಕಿನ ವಿಷಯ ಸಾಕ್ಷಿ ಹೇಳಿದರು. ಅದೇ ವರ್ಷ ತೀರಿಕೊಂಡರು. 1973ರಲ್ಲಿ ಕೋರ್ಟು ಕಂಪನಿಯದೇ ತಪ್ಪು ಎಂದು ತೀರ್ಪು ಕೊಟ್ಟಿತು. ಸರ್ಕಾರ ರೋಗಿಗಳೆಂದು ಒಪ್ಪಿದವರು 2,200ಕ್ಕೂ ಹೆಚ್ಚು. ನಮಗೂ ರೋಗ ಬಂದಿದೆ ಎಂದು ಹೋರಾಡಿದವರು ಇನ್ನೂ ಎಷ್ಟೋ ಸಾವಿರ.

ವಿಷದ ಮೀನು ಹೊರಗೆ ಹೋಗದ ಹಾಗೆ 1974ರಲ್ಲಿ ಆ ಕೊಲ್ಲಿಗೆ ಬಲೆ ಕಟ್ಟಿದರು. 1977ರಿಂದ 1990ರ ತನಕ ಕೆಸರು ತೆಗೆದು 58 ಹೆಕ್ಟೇರ್ ಜಾಗ ತುಂಬಿಸಿ ಮಣ್ಣು ಮುಚ್ಚಿದರು. ಬಲೆ ತೆಗೆದದ್ದು 1997ರಲ್ಲಿ. ಬಲೆ ಮೀನು ಹಿಡಿಯಲು ಅಂತ ನಮಗೆ ಗೊತ್ತು. ಅಲ್ಲಿ 23 ವರ್ಷ ಮೀನನ್ನು ದೂರ ಇಡಲು ಬಲೆ ಹಾಕಿದ್ದರು.

ಅಜ್ಜಿ ಕೇಳಿದ ಪ್ರಶ್ನೆ

ಇದನ್ನೆಲ್ಲ ಓದಿ ಮನೆಯಲ್ಲಿ ನಾನು, "ಅಕ್ಕ ಇನ್ನು ಮೀನು ತಿನ್ನಬಾರದು" ಅಂದೆ. ಅಮ್ಮ ಬೈದಳು. ಅಜ್ಜಿ ಮಾತ್ರ ಬಳಚು ಬಿಡಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ ಅಂದಳು: "ಆ ಊರವ್ರೂ ನಮ್ಮ ಹಾಂಗೇ ಮೀನು ಹಿಡಿಯೋರು. ಮೀನು ತಿಂದದ್ದು ತಪ್ಪಾ ಮಗಾ, ವಿಷ ಬಿಟ್ಟದ್ದು ತಪ್ಪಾ?"

ನನಗೆ ಉತ್ತರ ಗೊತ್ತಿತ್ತು. ಆದರೂ ಹೇಳಲು ಬಾಯಿ ಬರಲಿಲ್ಲ. ಹಳ್ಳಕ್ಕೆ ಬಿಸಾಡಿದ್ದನ್ನು ಅವತ್ತೇ ಅಜ್ಜಿಗೆ ಹೇಳಿದೆ. ಅವಳು ಬೈಯಲಿಲ್ಲ. "ಇನ್ನು ಮಾಡ್ಬೇಡ" ಅಂದಳು ಅಷ್ಟೆ.

ಮರುದಿನ ಅಕ್ಕೋರ ಹತ್ತಿರ ಕೇಳಿದೆ. ಬಸುರಿಯರಿಗೆ ಮೀನು ಒಳ್ಳೆಯದೇ ಅಂದರು. ತಾರ್ಲೆ, ಬಂಗಡೆಯಂಥ ಸಣ್ಣ ಮೀನುಗಳು ಸರಪಳಿಯ ಕೆಳಗಿನವು. ಅವುಗಳಲ್ಲಿ ಪಾದರಸ ಕಡಿಮೆ. ಶಾರ್ಕಿನಂಥ ದೊಡ್ಡ ಬೇಟೆ ಮೀನನ್ನು ಮಾತ್ರ ಬಸುರಿಯರು ಬಿಡುವುದು ಒಳ್ಳೆಯದು. ಅಕ್ಕನಿಗೆ ಹೇಳಿದಾಗ, "ತಾರ್ಲೆ ತಿನ್ಬಹುದಲ್ಲ, ಸಾಕು ಬಿಡು" ಅಂತ ನಕ್ಕಳು.

ನಾನು ಬಿಸಾಡಿದ್ದು ಒಂದು ಗ್ರಾಮೂ ಇರಲಿಕ್ಕಿಲ್ಲ. ಅದರಿಂದ ನಮ್ಮ ಅಳಿವೆ ಮಿನಾಮಾಟ ಆಗುವುದಿಲ್ಲ ಅಂತ ಅಕ್ಕೋರು ಧೈರ್ಯ ಹೇಳಿದರು. ಆದರೆ ಪ್ರತಿಯೊಬ್ಬರೂ ನನ್ನದು ಸ್ವಲ್ಪವೇ ಅಂದುಕೊಂಡರೆ? ಹಳ್ಳಕ್ಕೆ ಬಿದ್ದದ್ದನ್ನು ಹುಡುಕಲು ಹೋದೆವು. ಒಂದು ಗುಂಡೂ ಸಿಗಲಿಲ್ಲ.

2013ರಲ್ಲಿ ಪ್ರಪಂಚದ ದೇಶಗಳು ಜಪಾನಿನಲ್ಲಿ ಸೇರಿ ಪಾದರಸದ ಬಳಕೆ ಕಡಿಮೆ ಮಾಡಲು ಒಪ್ಪಂದ ಮಾಡಿಕೊಂಡವು. ಅದರ ಹೆಸರು ಮಿನಾಮಾಟ ಒಪ್ಪಂದ. 2017ರಲ್ಲಿ ಅದು ಜಾರಿಗೆ ಬಂತು. ನಮ್ಮ ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ದೊಡ್ಡವರ ಒಪ್ಪಂದ ಅದು. ನಮ್ಮ ಶಾಲೆಯ ಒಪ್ಪಂದವನ್ನು ಕೆಳಗೆ ಬರೆದಿದ್ದೇನೆ.

ನೆನಪಿಡಿ

1. ಪಾದರಸವನ್ನು ಕೈಯಿಂದ ಮುಟ್ಟಬೇಡಿ. ಪೊರಕೆಯಿಂದ ಗುಡಿಸಬೇಡಿ, ಗುಂಡು ಇನ್ನೂ ಸಣ್ಣದಾಗಿ ಹರಡುತ್ತದೆ.

2. ಥರ್ಮಾಮೀಟರ್ ಒಡೆದರೆ ಕಿಟಕಿ ತೆಗೆದು ದೊಡ್ಡವರನ್ನು ಕರೆಯಿರಿ. ದಪ್ಪ ಕಾಗದದಿಂದ ಒಟ್ಟುಮಾಡಿ, ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಬೇಕು.

3. ಟ್ಯೂಬ್‌ಲೈಟಿನಲ್ಲೂ ಪಾದರಸದ ಆವಿ ಇರುತ್ತದೆ. ಹಾಳಾದ ಟ್ಯೂಬನ್ನು ಕಲ್ಲಿಗೆ ಹೊಡೆದು ಪಟಾಕಿ ಆಟ ಆಡಬೇಡಿ.

4. ಇಂಥ ಯಾವುದನ್ನೂ ಬಾವಿಗೆ, ಹಳ್ಳಕ್ಕೆ, ಹೊಳೆಗೆ ಹಾಕಬೇಡಿ.

5. ತಪ್ಪಾದರೆ ಮುಚ್ಚಿಡಬೇಡಿ. ಕೂಡಲೇ ಹೇಳಿ.

ಉಳಿದರ್ಧ ಪಾದರಸ ಇರುವ ಬಾಟಲಿ ಈಗ ಹೆಡ್‌ಮಾಸ್ತರರ ಕಪಾಟಿನಲ್ಲಿ ಬೀಗದೊಳಗೆ ಇದೆ. ಅದನ್ನು ಸರಿಯಾಗಿ ತೆಗೆದುಕೊಳ್ಳುವವರು ಎಲ್ಲಿದ್ದಾರೆ ಅಂತ ಮಾಸ್ತರರು ವಿಚಾರಿಸುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಒಡೆದ ಥರ್ಮಾಮೀಟರ್ ಇದ್ದರೆ ಶಾಲೆಗೆ ತರಬೇಡಿ. ಇದೆ ಅಂತ ಬಂದು ಅಕ್ಕೋರಿಗೆ ಹೇಳಿ, ಸಾಕು.

ಅಕ್ಕನಿಗೆ ಮುಂದಿನ ತಿಂಗಳು ಹೆರಿಗೆ. ಪಾಪು ದೊಡ್ಡದಾದ ಮೇಲೆ ಅಜ್ಜಿಯ ಜೊತೆ ಅಳಿವೆಗೆ ಬಳಚು ಹೆಕ್ಕಲು ಹೋಗಲಿ ಅಂತ ನನ್ನ ಆಸೆ.

— ಏಳನೇ ತರಗತಿಯ ನಿಮ್ಮ ಸಹಪಾಠಿ