ಹದಿನೆಂಟು ಕಛೇರಿಗಳ ಕೆಂಪು ಕಟ್ಟಡ

ಬೆಂಗಳೂರಿಗೆ ಬಂದವರು ವಿಧಾನ ಸೌಧದ ಮುಂದೆ ನಿಂತು, ಅದರ ಭವ್ಯತೆಯನ್ನು ಕಣ್ತುಂಬ ನೋಡಿ ಹಿಂದಿರುಗುವುದು ವಾಡಿಕೆ. ಅವರಲ್ಲಿ ಮುಖ ತಿರುಗಿಸಿ, ರಸ್ತೆಯ ಆಚೆ ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಕೆಂಪು ಕಟ್ಟಡವನ್ನು ಕ್ಷಣಕಾಲವಾದರೂ ನಿಟ್ಟಿಸುವವರು ಎಷ್ಟು ಮಂದಿ? ಇಂದು ಕರ್ನಾಟಕದ ಉಚ್ಚ ನ್ಯಾಯಾಲಯವಿರುವ ಈ ಕಟ್ಟಡದ ಹಳೆಯ ಹೆಸರು ಅಠಾರಾ ಕಛೇರಿ. “ಅಠಾರಾ ಎಂದರೇನು ಸಾರ್?” ಎಂದು ವಿದ್ಯಾರ್ಥಿಯೊಬ್ಬ ಒಮ್ಮೆ ನನ್ನನ್ನು ಕೇಳಿದ. ಹಿಂದೂಸ್ತಾನಿಯಲ್ಲಿ ಅದು ಹದಿನೆಂಟು.

1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರ ಕೈಸೇರಿದ ಮೇಲೆ ಸರಕಾರದ ಕಛೇರಿಗಳು ನೆಲೆಸಿದ್ದುದು ಕೋಟೆಯೊಳಗಣ ಟಿಪ್ಪುವಿನ ಅರಮನೆಯಲ್ಲಿ. ಮರದ ಕಂಬಗಳ ಆ ಬೇಸಗೆಯ ಅರಮನೆ ದಿನೇ ದಿನೇ ಬೆಳೆಯುತ್ತಿದ್ದ ದಫ್ತರಕ್ಕೆ ಸಾಲದಾಯಿತು. ಬೌರಿಂಗ್ ಕಮಿಷನರಾಗಿದ್ದಾಗ, 1864ರಲ್ಲಿ, ಹೊಸ ಕಟ್ಟಡದ ಕೆಲಸ ಮೊದಲಾಯಿತು. ಅದನ್ನು ಕಟ್ಟಿಸುವ ಹೊಣೆ ಹೊತ್ತವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. 1868ರಲ್ಲಿ ಕೆಲಸ ಮುಗಿಯಿತು. ಗ್ರೀಕ್ ಮಾದರಿಯ ಕಂಬಸಾಲಿನ ಎರಡಂತಸ್ತಿನ ಈ ಸೌಧಕ್ಕೆ ಹದಿನೆಂಟು ಇಲಾಖೆಗಳು ಬಂದು ನೆಲೆಸಿದವು. ಜನರ ಬಾಯಲ್ಲಿ ಆ ಲೆಕ್ಕವೇ ಹೆಸರಾಯಿತು.

1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿತು. ಕಮಿಷನರು ಹೋಗಿ ದಿವಾನರು ಬಂದರು. ದಿವಾನರ ಕಾಲ ಮುಗಿದು ಪ್ರಜಾಪ್ರಭುತ್ವ ಬಂದಿತು. ಆಳುವವರು ಬದಲಾದರೂ ಆಡಳಿತದ ಬಾಗಿಲು ಇದೇ ಆಗಿದ್ದಿತು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನ ಸೌಧ 1956ರಲ್ಲಿ ಸಿದ್ಧವಾದಾಗ ಸಚಿವಾಲಯ ಎದುರಿಗೆ ಸಾಗಿತು. ಈಚೆ ನ್ಯಾಯಾಲಯ ಉಳಿಯಿತು.

ಕಟ್ಟಡಕ್ಕೆ ಗಂಡಾಂತರ ಒದಗಿದ್ದು ಆಮೇಲೆ. 1982ರಲ್ಲಿ ಇದನ್ನು ಕೆಡವುವ ಯೋಜನೆ ಹುಟ್ಟಿತು. ನೊಂದ ನಾಗರಿಕರು ಸುಮ್ಮನಿರದೆ 1984ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆ ಮೆಟ್ಟಿಲು ಯಾವುದು? ಇದೇ ಅಠಾರಾ ಕಛೇರಿಯದು! ತನ್ನ ಅಳಿವು ಉಳಿವಿನ ವಾದವನ್ನು ಕಟ್ಟಡವು ತನ್ನ ಗೋಡೆಗಳ ನಡುವೆಯೇ ಕೇಳಿತು. ಕಡೆಗೆ ಕೆಡವುವ ಮಾತು ನಿಂತಿತು.

ಇಂದು ಎದುರಿನ ನೆಲದಡಿಯಲ್ಲಿ ಮೆಟ್ರೋ ರೈಲು ಓಡುತ್ತಿದೆ. ಮೇಲೆ ಕರಿಕೋಟಿನ ವಕೀಲರೂ, ಕಾಗದದ ಕಟ್ಟು ಹಿಡಿದ ಕಕ್ಷಿದಾರರೂ ಎಂದಿನಂತೆ ಓಡಾಡುತ್ತಿದ್ದಾರೆ. ಅಂದು ಈ ಕಟ್ಟಡ ಉಳಿದುದು ಕೇವಲ ಕಲ್ಲು ಗಾರೆಗಳ ಬಲದಿಂದಲ್ಲ. ‘ಇದು ನಮ್ಮದು’ ಎಂದು ನಾಲ್ಕು ಜನ ಎದ್ದು ನಿಂತುದರಿಂದ. ಮುಂದಿನ ಸಲ ವಿಧಾನ ಸೌಧಕ್ಕೆ ಮಕ್ಕಳನ್ನು ಕರೆದೊಯ್ದಾಗ, ಒಮ್ಮೆ ಅವರ ಭುಜ ಹಿಡಿದು ಈ ಕಡೆಗೂ ತಿರುಗಿಸಿರಿ.